ಬಾವಿ ಹಗ್ಗದಿಂದ ಮಕ್ಕಳ ಕಾಯಿಲೆವರೆಗೆ: ಕಂಡವರನ್ನೆಲ್ಲ ಕೇಳಿದ ಡಾರ್ವಿನ್

1852ರ ಜನವರಿ. ಇಂಗ್ಲೆಂಡಿನ ತೋಟಗಾರರ ವಾರಪತ್ರಿಕೆ ಗಾರ್ಡನರ್ಸ್ ಕ್ರಾನಿಕಲ್‌ನಲ್ಲಿ ಓದುಗರೊಬ್ಬರ ಸಣ್ಣ ಪತ್ರ ಅಚ್ಚಾಯಿತು. ಅವರ ಮನೆಯ ಬಾವಿ 325 ಅಡಿ ಆಳ. ಅಷ್ಟುದ್ದದ ಹಗ್ಗದ ಭಾರಕ್ಕೇ ನೀರು ಸೇದುವವರ ತೋಳು ಬಿದ್ದುಹೋಗುತ್ತಿತ್ತು. ಹಗ್ಗದ ಬದಲು ತಂತಿ ಹಗ್ಗ ಹಾಕಿದರೆ ಹೇಗೆ, ಆಳದ ಬಾವಿಗೆ ಅದನ್ನು ನಿಜವಾಗಿ ಬಳಸಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ ಅಂತ ಅವರು ಕೇಳಿಕೊಂಡಿದ್ದರು.

ಪತ್ರ ಬರೆದವರು ಚಾರ್ಲ್ಸ್ ಡಾರ್ವಿನ್. ಏಳು ವರ್ಷಗಳ ನಂತರ ಜೀವಿಗಳ ಹುಟ್ಟಿನ ಬಗ್ಗೆ ಪುಸ್ತಕ ಬರೆದು ಜಗತ್ತಿನ ನಂಬಿಕೆಯನ್ನೇ ಅಲುಗಾಡಿಸಿದರಲ್ಲ, ಅದೇ ಡಾರ್ವಿನ್. ಶಾಲೆಯ ಪಾಠದಲ್ಲಿ ನಾವು ನೋಡಿರುವುದು ಉದ್ದ ಗಡ್ಡದ, ಗಂಭೀರ ಮುಖದ ಮುದುಕರನ್ನು. ಆದರೆ ಅವರ ಬದುಕಿನ ಬಹುಪಾಲು ಕಳೆದದ್ದು ಪರಿಚಯವೇ ಇಲ್ಲದವರಿಗೆ ಕಾಗದ ಬರೆದು ಪ್ರಶ್ನೆ ಕೇಳುವುದರಲ್ಲಿ. ಹಾಗೆ ಕೇಳಿದವರ ಪಟ್ಟಿಯಲ್ಲಿ ನಮ್ಮ ಕಿತ್ತೂರಿನಲ್ಲಿ ಸೆರೆಯಾಗಿದ್ದ ಒಬ್ಬ ಅಧಿಕಾರಿಯೂ ಇದ್ದಾರೆ.

ಮೊದಲ ಗುರು

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ. ಅಪ್ಪ ಹೆಸರಾಂತ ಡಾಕ್ಟರು, ಮನೆಯಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ಮಗನೂ ಡಾಕ್ಟರಾಗಲಿ ಅಂತ ಎಡಿನ್‌ಬರೋಗೆ ಓದಲು ಕಳಿಸಿದರು. ಆಗ ಅರಿವಳಿಕೆ ಮದ್ದು ಇರಲಿಲ್ಲ. ಪ್ರಜ್ಞೆ ಇರುವ ರೋಗಿಯನ್ನೇ ಕೊಯ್ಯುವುದನ್ನು ನೋಡಲಾಗದೆ ಹುಡುಗ ಎದ್ದು ಓಡಿಬಂದ. ಪಾಠ ತಲೆಗೆ ಹತ್ತಲಿಲ್ಲ. ಹತ್ತಿದ್ದು ಹಕ್ಕಿ, ಹುಳು, ಕಪ್ಪೆಚಿಪ್ಪಿನ ಹುಚ್ಚು.

ಅದೇ ಊರಿನಲ್ಲಿ ಜಾನ್ ಎಡ್ಮನ್‌ಸ್ಟನ್ ಎಂಬ ಕಪ್ಪು ಜನಾಂಗದ ವ್ಯಕ್ತಿಯೊಬ್ಬರಿದ್ದರು. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮರಾಗಿದ್ದು, ಬಿಡುಗಡೆ ಪಡೆದು ಬಂದವರು. ಸತ್ತ ಹಕ್ಕಿಯ ಚರ್ಮ ಸುಲಿದು, ಒಳಗೆ ತುಂಬಿ, ಜೀವಂತ ಇದ್ದಂತೆಯೇ ಕಾಣುವ ಹಾಗೆ ಮಾಡುವುದು ಅವರ ಕಸುಬು. 17 ವರ್ಷದ ಡಾರ್ವಿನ್ ಅವರ ಬಳಿ ಪಾಠ ಹೇಳಿಸಿಕೊಂಡರು. ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳ ಪಾಠಕ್ಕೆ ಒಂದು ಗಿನಿ ಫೀಜು. ಪಾಠದ ಜೊತೆ ಬಿಸಿಲು ನಾಡಿನ ಕಾಡಿನ ಕಥೆಗಳೂ ಸಿಕ್ಕವು. ಶ್ರೀಮಂತ ಡಾಕ್ಟರ ಮಗ ಒಂದು ಕಾಲದ ಗುಲಾಮರ ಪಕ್ಕ ಕೂತು ಕಲಿಯುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಆ ಕೈಕೆಲಸ ಮುಂದೆ ಅವರಿಗೆ ಅನ್ನದಷ್ಟೇ ಉಪಯೋಗಕ್ಕೆ ಬಂತು.

ಸೋದರಮಾವನ ಮಾತು

1831ರಲ್ಲಿ ಬೀಗಲ್ ಎಂಬ ಹಡಗಿನಲ್ಲಿ ಲೋಕ ಸುತ್ತುವ ಅವಕಾಶ ಬಂತು. ಅಪ್ಪ ಒಪ್ಪಲಿಲ್ಲ. ಬುದ್ಧಿ ಇರುವ ಒಬ್ಬನಾದರೂ ಹೋಗು ಅಂತ ಹೇಳಿದರೆ ಮಾತ್ರ ಕಳಿಸುತ್ತೇನೆ ಎಂದರು. ಡಾರ್ವಿನ್ ನೇರ ಹೋಗಿ ಕೇಳಿದ್ದು ಸೋದರಮಾವ ಜೊಸಾಯಾ ವೆಜ್‌ವುಡ್ ಅವರನ್ನು. ಅಪ್ಪನ ಆಕ್ಷೇಪಣೆಗಳನ್ನೆಲ್ಲ ಪಟ್ಟಿ ಮಾಡಿ ಮಾವನ ಮುಂದಿಟ್ಟರು. ಮಾವ ಒಂದೊಂದಕ್ಕೂ ಉತ್ತರ ಬರೆದುಕೊಟ್ಟರು. ಅಪ್ಪನ ಮನಸ್ಸು ಕರಗಿತು. 22 ವರ್ಷದ ಯುವಕ ಡಿಸೆಂಬರ್ 27ರಂದು ಹಡಗು ಹತ್ತಿ, ಸುಮಾರು ಐದು ವರ್ಷ ಕಳೆದು 1836ರ ಅಕ್ಟೋಬರಿನಲ್ಲಿ ವಾಪಸಾದರು. ತಂದ ಹಕ್ಕಿಗಳಲ್ಲಿ ಎಡ್ಮನ್‌ಸ್ಟನ್ ಕಲಿಸಿದ ಕೈಚಳಕವಿತ್ತು.

ಬಂದವರ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತ್ತು. ಪ್ರಾಣಿಗಳು ಕಾಲಕಾಲಕ್ಕೆ ಬದಲಾಗುತ್ತವೆಯೇ? ಬದಲಾಗುವುದಾದರೆ ಹೇಗೆ?

1839ರ ಜನವರಿ 29ರಂದು ಡಾರ್ವಿನ್ ಮದುವೆಯಾದರು. ಅದಕ್ಕೂ ಮುಂಚೆ ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ, ಮದುವೆಯಾದರೆ ಲಾಭವೇನು, ಆಗದಿದ್ದರೆ ಲಾಭವೇನು ಅಂತ ಅಂಗಡಿ ಲೆಕ್ಕದಂತೆ ಬರೆದುಕೊಂಡಿದ್ದರು. ಕೈ ಹಿಡಿದದ್ದು ಅದೇ ಸೋದರಮಾವನ ಮಗಳು ಎಮ್ಮಾರನ್ನು. ನಮ್ಮ ಕಡೆ ಇಂಥ ಸಂಬಂಧ ಎಷ್ಟು ಸಹಜವೋ ಆಗ ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲೂ ಅದು ನಡೆಯುತ್ತಿತ್ತು. ಆದರೆ ಈ ಸಂಬಂಧವೇ ಮುಂದೆ ಅವರ ನಿದ್ದೆಗೆಡಿಸಿತು.

ಕಾಗದಕ್ಕೆ ಒಂದು ಪೆನ್ನಿ

ಮದುವೆಯಾದ ವರ್ಷವೇ ಡಾರ್ವಿನ್ ಎಂಟು ಪುಟದ ಒಂದು ಪ್ರಶ್ನಾವಳಿ ಅಚ್ಚು ಹಾಕಿಸಿದರು. ದನ, ಕುರಿ, ನಾಯಿ, ಹಕ್ಕಿ ಸಾಕುವವರಿಗೆ 21 ಪ್ರಶ್ನೆ. ಬೇರೆ ಬೇರೆ ತಳಿ ಕೂಡಿಸಿದರೆ ಮರಿ ಯಾರನ್ನು ಹೋಲುತ್ತದೆ, ಆ ಗುಣ ಮುಂದಿನ ತಲೆಮಾರಿಗೂ ಉಳಿಯುತ್ತದೆಯೇ, ಇಂಥವು. ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ದಿನವಿಡೀ ಕೊಟ್ಟಿಗೆಯಲ್ಲಿ ದುಡಿಯುವವರಿಗೆ 21 ಪ್ರಶ್ನೆಗೆ ಕೂತು ಉತ್ತರ ಬರೆಯೋದು ಅಂದ್ರೆ ಸುಲಭವೇ?

1842ರಲ್ಲಿ ಸಂಸಾರ ಲಂಡನ್ನಿನಿಂದ ಸುಮಾರು 25 ಕಿಲೋಮೀಟರ್ ದೂರದ ಡೌನ್ ಹಳ್ಳಿಗೆ ಬಂತು. ಡಾರ್ವಿನ್ ಆರೋಗ್ಯ ಕೆಟ್ಟಿತ್ತು. ವಾಂತಿ, ತಲೆಸುತ್ತು, ನಿಶ್ಶಕ್ತಿ. ಡಾಕ್ಟರುಗಳಿಗೆ ಕಾಯಿಲೆ ಏನಂತಲೇ ಗೊತ್ತಾಗಲಿಲ್ಲ. ಓಡಾಟ ಕಡಿಮೆಯಾದ ಮೇಲೆ ಕಾಗದವೇ ಅವರ ಕಾಲಾಯಿತು. 1840ರಿಂದ ಬ್ರಿಟನ್ನಿನಲ್ಲಿ ದೂರ ಎಷ್ಟೇ ಇರಲಿ ಮಾಮೂಲಿ ತೂಕದ ಕಾಗದಕ್ಕೆ ಒಂದೇ ಪೆನ್ನಿ ಅಂಚೆ ದರ. ಅದನ್ನು ಡಾರ್ವಿನ್‌ರಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ. ಅವರು ಬರೆದ, ಅವರಿಗೆ ಬಂದ ಕಾಗದಗಳ ಪೈಕಿ ಸುಮಾರು 15,000 ಇವತ್ತಿಗೂ ಉಳಿದಿವೆ. ಬರೆದುಕೊಂಡವರು ಸುಮಾರು 2,000 ಮಂದಿ.

ಅವರು ಕೇಳುವುದಕ್ಕೂ ಒಂದು ರೀತಿ ಇತ್ತು. ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ ಅನ್ನುವುದು ಮೊದಲು. ಏನು ಬೇಕು, ಯಾಕೆ ಬೇಕು ಅನ್ನುವುದು ಆಮೇಲೆ. ಕಂಡದ್ದನ್ನಷ್ಟೇ ಬರೆಯಿರಿ ಅನ್ನುವ ಕೋರಿಕೆ ಬೇರೆ. ಬೇರೆಯವರು ತಮಗೆ ಬರೆದ ಕಾಗದಕ್ಕೂ ಅಷ್ಟೇ, ಹುಚ್ಚು ಪ್ರಶ್ನೆಯಾದರೂ ಉತ್ತರ ಹಾಕದೆ ಅವರಿಗೆ ಸಮಾಧಾನ ಇರುತ್ತಿರಲಿಲ್ಲ.

1855ರಲ್ಲಿ ಅವರು ಅದೇ ತೋಟಗಾರರ ಪತ್ರಿಕೆಯಲ್ಲಿ ಇನ್ನೊಂದು ಪ್ರಶ್ನೆ ಹಾಕಿದರು. ಬೀಜ ಸಮುದ್ರದ ಉಪ್ಪುನೀರಿನಲ್ಲಿ ಎಷ್ಟು ದಿನ ಬದುಕುತ್ತದೆ? ಕೇಳಿ ಸುಮ್ಮನಾಗದೆ ಮನೆಯಲ್ಲೇ ಬಾಟಲಿಗಳಲ್ಲಿ ಉಪ್ಪುನೀರು ತುಂಬಿ ಬೀಜ ನೆನೆಹಾಕಿದರು. 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ನೆನೆದ ಮೇಲೂ ಮೊಳಕೆ ಒಡೆದವು. ಬೀಜ ಬದುಕುವುದಿಲ್ಲ ಅಂದುಕೊಂಡಿದ್ದವರು ಅವರ ಗೆಳೆಯ, ಸಸ್ಯಶಾಸ್ತ್ರಜ್ಞ ಹೂಕರ್. ಅಪ್ಪ ಹೂಕರ್ ಮಾಮನನ್ನು ಸೋಲಿಸ್ತಾರಾ ಅಂತ ಮಕ್ಕಳಿಗೆಲ್ಲ ಕಾತರ.

ಹೆಂಡದಂಗಡಿಯಲ್ಲಿ ಪಾರಿವಾಳ ಸಭೆ

ಅದೇ ವರ್ಷ ಡಾರ್ವಿನ್ ಪಾರಿವಾಳ ಸಾಕಲು ಶುರು ಮಾಡಿದರು. ಆ ಹವ್ಯಾಸ ಅವರಿಗೆ ಪೂರಾ ಹೊಸದು. ಹಾಗಾಗಿ ಗೊತ್ತಿದ್ದವರನ್ನೇ ಹುಡುಕಿಕೊಂಡು ಹೋದರು. ಲಂಡನ್ನಿನಲ್ಲಿ ಕೋಳಿ, ಹಕ್ಕಿ ಮಾರುವ ಬೈಲಿ ಎಂಬ ಅಂಗಡಿಯವರು, ಕೋಳಿ ಮತ್ತು ಜೇನಿನ ಬಗ್ಗೆ ಬರೆಯುತ್ತಿದ್ದ ಟೆಗೆಟ್‌ಮಾಯರ್, ಪಾರಿವಾಳದ ಹುಚ್ಚಿನ ಬ್ರೆಂಟ್, ಇವರೆಲ್ಲ ಅವರಿಗೆ ಗುರುಗಳಾದರು. ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸದಸ್ಯರೂ ಆದರು. ಒಂದರಲ್ಲಿ ದೊಡ್ಡ ಮನುಷ್ಯರು. ಇನ್ನೊಂದರಲ್ಲಿ ದುಡಿದು ತಿನ್ನುವ ಜನ. ಒಮ್ಮೆ ಊರಿನ ಬರೋ ಎಂಬ ಬಡಾವಣೆಯ ಹೆಂಡದಂಗಡಿಯಲ್ಲಿ, ಪೈಪು ಸೇದುತ್ತಾ ಕೂತ ಪಾರಿವಾಳದವರ ನಡುವೆ ಸಂಜೆ ಕಳೆದು ಬಂದು, ಆ ಸಂಗತಿಯನ್ನು ಮುಂದೆ ಗೆಳೆಯರೊಬ್ಬರಿಗೆ ಕಾಗದದಲ್ಲಿ ಬರೆದರು.

ಬಾಲ ಬೀಸಣಿಗೆಯಂತೆ ಬಿಚ್ಚುವುದು, ಎದೆ ಊದಿಸಿ ನಡೆಯುವುದು, ಆಕಾಶದಲ್ಲಿ ಪಲ್ಟಿ ಹೊಡೆಯುವುದು, ಹೀಗೆ ಸಿಕ್ಕ ತಳಿಯನ್ನೆಲ್ಲ ತಂದು ಸಾಕಿದರು. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಕರಿ ತಳಿಯನ್ನೂ ಬಿಳಿ ತಳಿಯನ್ನೂ ಕೂಡಿಸಿ, ಅವುಗಳ ಮರಿಗಳನ್ನು ಮತ್ತೆ ಕೂಡಿಸಿದಾಗ, ಮೊಮ್ಮಗು ನೀಲಿಬೂದು ಬಣ್ಣ ತಾಳಿ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ ಹೊತ್ತು ಬಂತು. ನಮ್ಮ ಗುಡಿ ಗೋಪುರದಲ್ಲಿ, ಹಳೇ ಕೋಟೆಯ ಸಂದಿಗಳಲ್ಲಿ ಗೂಡು ಕಟ್ಟುವ ಮಾಮೂಲಿ ಪಾರಿವಾಳದ ಬಣ್ಣ, ಪಟ್ಟೆಗಳೇ ಅವು. ಇಷ್ಟೊಂದು ತಳಿಗಳಿಗೆ ಮೂಲಪುರುಷ ಆ ಒಂದು ಕಾಡು ಪಾರಿವಾಳವೇ ಅನ್ನುವ ಮಾತಿಗೆ ಡಾರ್ವಿನ್ ಕೈಗೆ ಸಾಕ್ಷಿ ಸಿಕ್ಕಿತು.

ಹೇಗೆ ಆಯಿತು ಇದು? ಅದಕ್ಕೂ ಉತ್ತರ ಕೊಟ್ಟವರು ಸಾಕುವವರೇ. ಬೇರೆಯವರ ಕಣ್ಣಿಗೆ ಬೀಳದಷ್ಟು ಸಣ್ಣ ವ್ಯತ್ಯಾಸವನ್ನು ಅವರು ಗುರುತಿಸಿ, ಅಂಥ ಜೋಡಿಯಿಂದಲೇ ಮರಿ ಮಾಡಿಸುತ್ತಾರೆ. ತಲೆಮಾರುಗಳು ಕಳೆದರೆ ಸಣ್ಣದು ದೊಡ್ಡದಾಗುತ್ತದೆ. ಮನುಷ್ಯ ಮಾಡುವ ಈ ಆರಿಸುವ ಕೆಲಸವನ್ನು ಪ್ರಕೃತಿಯೂ ತನ್ನ ರೀತಿಯಲ್ಲಿ, ನಿಧಾನವಾಗಿ ಮಾಡುತ್ತದೆ ಅನ್ನುವುದು ಡಾರ್ವಿನ್ ವಾದ.

ಕಿತ್ತೂರಿನ ಕೈದಿಗೆ ಬಂದ ಕಾಗದ

ಇಂಗ್ಲೆಂಡಿನ ಹಕ್ಕಿ ಮಾತ್ರ ನೋಡಿದರೆ ಸಾಲದು, ಬೇರೆ ದೇಶದ ತಳಿಗಳೂ ಬೇಕು ಅನಿಸಿತು. ಯಾರ್ಯಾರಿಗೆ ಬರೆಯಬೇಕು ಅಂತ ಪಟ್ಟಿ ಮಾಡಿದರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಪುಟಗಟ್ಟಲೆ ಉತ್ತರ ಬರೆದರು. ಮದ್ರಾಸಿನಲ್ಲಿದ್ದ ವಾಲ್ಟರ್ ಎಲಿಯಟ್ ಅವರಿಗೆ 1856ರ ಜನವರಿಯಲ್ಲಿ ಕಾಗದ ಹೋಯಿತು. ಅದಕ್ಕೆ ಹಿಂದಿನ ವರ್ಷ ಗ್ಲಾಸ್ಗೋದ ಒಂದು ಸಭೆಯಲ್ಲಿ ಇಬ್ಬರೂ ಭೇಟಿಯಾಗಿದ್ದರು, ಪರಿಚಯ ಅಷ್ಟೇ.

ಎಲಿಯಟ್ ಹೆಸರು ಕಿತ್ತೂರಿನ ಇತಿಹಾಸ ಓದಿದವರಿಗೆ ನೆನಪಿರುತ್ತದೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ, ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸ್ಟೀವನ್‌ಸನ್ ಮತ್ತು ಎಲಿಯಟ್. ಎಲಿಯಟ್‌ಗೆ ಆಗ ಇನ್ನೂ 21 ವರ್ಷ. ಕೆಲವು ವಾರಗಳ ನಂತರ ಇಬ್ಬರೂ ಯಾವ ಅಪಾಯವೂ ಇಲ್ಲದೆ ಬಿಡುಗಡೆಯಾದರು. ಆಮೇಲೂ ಹಲವು ವರ್ಷ ಈ ಸೀಮೆಯಲ್ಲೇ ಕೆಲಸ ಮಾಡಿದ ಎಲಿಯಟ್ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದರು. ಧಾರವಾಡ ಸೀಮೆಯ ಕಾಡು, ಹೊಲಗಳ ಪ್ರಾಣಿಗಳ ಪಟ್ಟಿಯನ್ನೂ 1839ರಲ್ಲಿ ಪ್ರಕಟಿಸಿದರು.

ಡಾರ್ವಿನ್ ಕೇಳಿದ್ದು ಇಂಡಿಯಾದಲ್ಲಿ ತಲೆಮಾರುಗಳಿಂದ ಸಾಕಿದ ಪಾರಿವಾಳ, ಕೋಳಿಗಳ ಸುಲಿದ ಚರ್ಮವನ್ನು. ಎಲಿಯಟ್ ಬೇಸರಿಸದೆ ಕಳಿಸಿದರು. ಪಾರಿವಾಳ ಸಾಕಣೆ ಬಗ್ಗೆ 1770ರಲ್ಲಿ ಪಾರ್ಸಿ ಭಾಷೆಯಲ್ಲಿ ಬರೆದಿದ್ದ ಒಂದು ಹಳೇ ಪುಸ್ತಕವನ್ನೂ ಇಂಗ್ಲಿಷಿಗೆ ಮಾಡಿಸಿಕೊಟ್ಟರು. ಡಾರ್ವಿನ್ ತಮ್ಮ ಮುಖ್ಯ ಗ್ರಂಥದ ಮೊದಲ ಅಧ್ಯಾಯದಲ್ಲೇ ಎಲಿಯಟ್ ಹೆಸರು ಹೇಳಿ ಉಪಕಾರ ಸ್ಮರಿಸಿದ್ದಾರೆ. ಕಿತ್ತೂರು ಕೋಟೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದ ಹುಡುಗನ ಹೆಸರು ಆ ಪುಸ್ತಕಕ್ಕೆ ಸೇರಿದ್ದು ಹೀಗೆ.

ಇಬ್ಬರ ತಲೆಯಲ್ಲಿ ಒಂದೇ ವಿಚಾರ

ಕಾಗದ ಬರೆಯಬೇಕಾದವರ ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು, ಆಲ್‌ಫ್ರೆಡ್ ವಾಲೇಸ್. ಮಲಯ ದ್ವೀಪಗಳಲ್ಲಿ ಹಕ್ಕಿ, ಚಿಟ್ಟೆ ಹಿಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದವರು. 1858ರ ಜೂನ್‌ನಲ್ಲಿ ಅವರಿಂದ ಬಂದ ಲಕೋಟೆಯಲ್ಲಿ ಒಂದು ಬರಹವಿತ್ತು. ಇದರಲ್ಲಿ ಹುರುಳಿದೆ ಅನಿಸಿದರೆ ಭೂವಿಜ್ಞಾನಿ ಲಯಲ್ ಅವರಿಗೆ ತೋರಿಸಿ ಅನ್ನುವ ಕೋರಿಕೆ. ಓದಿದ ಡಾರ್ವಿನ್ ಕುಸಿದು ಕೂತರು. ತಾವು 20 ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದ ವಿಚಾರವೇ ಅಲ್ಲಿತ್ತು.

ಬಚ್ಚಿಟ್ಟಿದ್ದರೆ ಆ ಕ್ಷಣ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾರ್ವಿನ್ ಹಾಗೆ ಮಾಡದೆ ಬರಹವನ್ನು ಲಯಲ್‌ಗೆ ಕಳಿಸಿ, ಏನು ಮಾಡಲಿ ಅಂತ ಲಯಲ್ ಮತ್ತು ಹೂಕರ್ ಇಬ್ಬರನ್ನೂ ಕೇಳಿದರು. ಆ ಹೊತ್ತಿಗೆ ಮನೆಯಲ್ಲಿ ಒಂದೂವರೆ ವರ್ಷದ ಗಂಡುಮಗು ಜ್ವರದಿಂದ ನರಳುತ್ತಿತ್ತು. ಜೂನ್ 28ರಂದು ಮಗು ತೀರಿಕೊಂಡಿತು. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಡಾರ್ವಿನ್ ಆ ಸಭೆಗೆ ಹೋಗಲಿಲ್ಲ.

ಪುಸ್ತಕ ಹೊರಬಂದದ್ದು 1859ರ ನವೆಂಬರ್ 24ರಂದು. ಅಚ್ಚಾದದ್ದು 1,250 ಪ್ರತಿ, ಪುಸ್ತಕದಂಗಡಿಯವರು ಮೊದಲ ದಿನವೇ ಎಲ್ಲಕ್ಕೂ ಆರ್ಡರ್ ಕೊಟ್ಟುಬಿಟ್ಟರು. ಹಸ್ತಪ್ರತಿ ಓದಿದ್ದ ಪ್ರಕಾಶಕರ ಕಡೆಯವರೊಬ್ಬರು ಉಳಿದದ್ದೆಲ್ಲ ಬಿಟ್ಟು ಬರೀ ಪಾರಿವಾಳದ ಬಗ್ಗೆ ಬರೆದರೆ ಮನೆಮನೆಗೂ ಹೋಗುತ್ತದೆ ಅಂತ ಸಲಹೆ ಕೊಟ್ಟಿದ್ದರು. ಕಂಡವರನ್ನೆಲ್ಲ ಕೇಳುವ ಡಾರ್ವಿನ್ ಆ ಒಂದು ಸಲಹೆಯನ್ನು ಮಾತ್ರ ಕೈಬಿಟ್ಟರು.

ತಪ್ಪು ತೋರಿಸಿದ ಮಾಲಿ

ಹೆಸರು ಬಂದ ಮೇಲೂ ಕೇಳುವುದು ನಿಲ್ಲಲಿಲ್ಲ. 1862ರಲ್ಲಿ ಎಡಿನ್‌ಬರೋ ಸಸ್ಯೋದ್ಯಾನದ ಮಾಲಿ ಜಾನ್ ಸ್ಕಾಟ್ ಕಾಗದ ಬರೆದು, ಡಾರ್ವಿನ್ ಪುಸ್ತಕದಲ್ಲಿ ಆರ್ಕಿಡ್ ಹೂವಿನ ಬಗ್ಗೆ ಇದ್ದ ಒಂದು ತಪ್ಪನ್ನು ತೋರಿಸಿದರು. ಬೇರೆ ಯಾರಾದರೂ ಆಗಿದ್ದರೆ ಮಾಲಿಗೇನು ಗೊತ್ತು ಅಂತ ಕಾಗದ ಹರಿದು ಹಾಕುತ್ತಿದ್ದರೇನೋ. ಡಾರ್ವಿನ್ ಸಂತೋಷಪಟ್ಟು, ಅವರಿಂದಲೇ ಇನ್ನಷ್ಟು ಕೇಳಿ ತಿಳಿದರು. ಸ್ಕಾಟ್ ಕೆಲಸ ಬಿಟ್ಟಾಗ ಹಡಗಿನ ಖರ್ಚು ಕೊಟ್ಟು ಇಂಡಿಯಾಕ್ಕೆ ಕಳಿಸಿದರು. ಸ್ಕಾಟ್‌ಗೆ ಕಲ್ಕತ್ತೆ ಸಸ್ಯೋದ್ಯಾನದಲ್ಲಿ ನೌಕರಿ ಸಿಕ್ಕಿತು.

1867ರಲ್ಲಿ ಡಾರ್ವಿನ್ 16 ಪ್ರಶ್ನೆಗಳನ್ನು ಲೋಕದ ಮೂಲೆಮೂಲೆಗೆ ಕಳಿಸಿದರು. ಆಶ್ಚರ್ಯವಾದಾಗ ಜನ ಕಣ್ಣು, ಬಾಯಿ ಅಗಲಿಸುತ್ತಾರೆಯೇ, ನಾಚಿದಾಗ ಮುಖ ಕೆಂಪೇರುತ್ತದೆಯೇ, ಹೌದು ಅನ್ನಲು ತಲೆ ಮೇಲೆ ಕೆಳಗೆ ಆಡಿಸುತ್ತಾರೆಯೇ ಅಂತೆಲ್ಲ. ಕೊನೆಯದಕ್ಕೆ ನಮ್ಮ ಊರಿನ ಯಾವ ಅಂಗಡಿಯಲ್ಲಿ ನಿಂತು ನೋಡಿದ್ದರೂ ಬೇರೆಯದೇ ಉತ್ತರ ಸಿಗುತ್ತಿತ್ತು! 36 ಮಂದಿ ಉತ್ತರ ಕಳಿಸಿದರು. ಅವರಲ್ಲಿ ಕಲ್ಕತ್ತೆಯ ಸ್ಕಾಟ್ ಕೂಡ ಒಬ್ಬರು.

ಸರ್ಕಾರ ಕೇಳದೆ ಬಿಟ್ಟ ಪ್ರಶ್ನೆ

ಡಾರ್ವಿನ್ ದಂಪತಿಗೆ ಹತ್ತು ಮಕ್ಕಳು. ಮೂರು ಮಕ್ಕಳು ಚಿಕ್ಕಂದಿನಲ್ಲೇ ಹೋದವು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮುದ್ದಿನ ಮಗಳು ಆ್ಯನಿಯ ಸಾವು. ಮಾಲ್ವರ್ನ್ ಎಂಬ ಊರಿನಲ್ಲಿ ನೀರಿನ ಚಿಕಿತ್ಸೆ ಮಾಡುವ ಡಾಕ್ಟರ ಬಳಿ ಡಾರ್ವಿನ್ ಮಗಳನ್ನು ಸೇರಿಸಿದ್ದರು. ತುಂಬು ಗರ್ಭಿಣಿಯಾಗಿದ್ದ ಎಮ್ಮಾ ಜೊತೆಗೆ ಬರಲಾಗಲಿಲ್ಲ. 1851ರ ಏಪ್ರಿಲ್ 23ರಂದು, ಹತ್ತನೇ ವಯಸ್ಸಿನಲ್ಲಿ ಆ್ಯನಿ ಕಣ್ಣು ಮುಚ್ಚಿದಳು.

ಉಳಿದ ಮಕ್ಕಳಲ್ಲೂ ಕೆಲವರಿಗೆ ಆರೋಗ್ಯ ಅಷ್ಟಕ್ಕಷ್ಟೇ. ಸಂಬಂಧದಲ್ಲೇ ಮದುವೆಯಾಗಿದ್ದು ಇದಕ್ಕೆ ಕಾರಣವೇ? ತನ್ನ ಕಾಯಿಲೆ ಮಕ್ಕಳಿಗೂ ಹರಿದಿದೆಯೇ? ಈ ಸಂಶಯ ಅವರನ್ನು ಬಿಡಲೇ ಇಲ್ಲ. ಹತ್ತಿರದ ಗಿಡಗಳಲ್ಲೇ ಪರಾಗ ಕೂಡಿಸಿದರೆ ಸಸಿ ಸೊರಗುವುದನ್ನು ತಮ್ಮ ತೋಟದಲ್ಲೇ ಕಂಡರು. ಗಿಡದ ಮಾತು ಮನುಷ್ಯರಿಗೂ ನಿಜವೇ ಅನ್ನುವುದನ್ನು ಪಾರಿವಾಳದವರಾಗಲಿ ಮಾಲಿಗಳಾಗಲಿ ಹೇಳಲಾರರು. ಅದನ್ನು ಇಡೀ ದೇಶವನ್ನೇ ಕೇಳಬೇಕಿತ್ತು.

1871ರಲ್ಲಿ ಇಂಗ್ಲೆಂಡಿನಲ್ಲಿ ಜನಗಣತಿ ಇತ್ತು. ಗಂಡ ಹೆಂಡಿರು ರಕ್ತಸಂಬಂಧಿಗಳೇ ಅಂತ ಮನೆಮನೆಯಲ್ಲಿ ಒಂದು ಪ್ರಶ್ನೆ ಕೇಳಿಸಿ, ಆಮೇಲೆ ಮಕ್ಕಳ ಲೆಕ್ಕ ಹೋಲಿಸಿ ನೋಡಬಹುದು ಅನ್ನುವುದು ಡಾರ್ವಿನ್ ಆಸೆ. ಪಕ್ಕದ ಊರಿನ ಗೆಳೆಯ, ಸಂಸತ್ ಸದಸ್ಯ ಜಾನ್ ಲಬಕ್ 1870ರಲ್ಲಿ ಅದನ್ನು ಸಂಸತ್ತಿನ ಮುಂದಿಟ್ಟರು. ಸದಸ್ಯರು ಒಪ್ಪಲಿಲ್ಲ. ಪ್ರಶ್ನೆ ಬಿದ್ದುಹೋಯಿತು.

ಅಪ್ಪನ ಪ್ರಶ್ನೆಯನ್ನು ಮಗ ಜಾರ್ಜ್ ಕೈಗೆತ್ತಿಕೊಂಡರು. ಮಾನಸಿಕ ಆಸ್ಪತ್ರೆಗಳಿಂದ ಲೆಕ್ಕ ಕೇಳಿ ತರಿಸಿ 1875ರಲ್ಲಿ ವರದಿ ಬರೆದರು. ತೊಂದರೆ ಇದ್ದರೂ ಬಹಳ ಸಣ್ಣದು ಅನ್ನುವುದು ಅವರ ತೀರ್ಮಾನ. ಇದರಿಂದ ಅಪ್ಪನ ಮನಸ್ಸಿನ ಭಾರ ಎಷ್ಟು ಇಳಿಯಿತೋ, ಅವರಿಗೇ ಗೊತ್ತು.

1881ರಲ್ಲಿ ಬಂದ ಡಾರ್ವಿನ್ ಅವರ ಕೊನೆಯ ಪುಸ್ತಕ ಎರೆಹುಳದ ಬಗ್ಗೆ. ಅದರಲ್ಲೂ ಕಲ್ಕತ್ತೆ ಸಸ್ಯೋದ್ಯಾನದಿಂದ ಬಂದ ಎರೆಮಣ್ಣಿನ ಗೋಪುರದ ಚಿತ್ರವಿದೆ. 1882ರ ಏಪ್ರಿಲ್ 19ರಂದು, 73ನೇ ವಯಸ್ಸಿನಲ್ಲಿ ಅವರು ಡೌನ್ ಮನೆಯಲ್ಲೇ ತೀರಿಕೊಂಡರು. ದೊಡ್ಡ ದೊಡ್ಡವರನ್ನು ಮಣ್ಣು ಮಾಡುವ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರಿಗೆ ಜಾಗ ಕೊಟ್ಟರು.

ಇವತ್ತು ತಾಲ್ಲೂಕು ಆಸ್ಪತ್ರೆಗೆ ಗರ್ಭಿಣಿಯೊಬ್ಬರು ಮೊದಲ ಸಲ ತೋರಿಸಲು ಹೋದರೆ, ಡಾಕ್ಟರು ಕೇಳುವ ಮಾತುಗಳಲ್ಲಿ ಒಂದು, ಸಂಬಂಧದಲ್ಲಿ ಮದುವೆಯಾಗಿದ್ದೀರಾ ಅಂತ. ಜೊತೆಗೆ ಹೋದ ಅತ್ತೆಯೋ ಅಮ್ಮನೋ ಹೌದ್ರಿ, ಸೋದರಮಾವನ ಮಗನೇ ಅಂತ ಹೇಳುತ್ತಾರೆ. ಡಾಕ್ಟರು ಬರೆದುಕೊಳ್ಳುತ್ತಾರೆ. 1870ರಲ್ಲಿ ಒಬ್ಬ ತಂದೆ ತನ್ನ ದೇಶದ ಮನೆಮನೆಗೂ ಕೇಳಿಸಬೇಕು ಅಂದುಕೊಂಡು ಸೋತ ಪ್ರಶ್ನೆಯೂ ಅದೇ.